ಗಾಳಿಪೆಟ್ಟಿಗೆಯೂ ಅರ್ಧ ಸಹಿಯೂ

ಎಲ್ಲಕ್ಕೂ ಕಾರಣ ಒಂದು ಸಿಳ್ಳೆ. ಮ್ಯಾನೇಜರ್ ಸಾಹೇಬರ ಕೋಣೆಯ ಗಾಳಿಕಿಂಡಿ ಎರಡು ತಿಂಗಳಿಂದ ಕುಕ್ಕರಿನ ಹಾಗೆ ಸಿಳ್ಳೆ ಹೊಡೆಯುತ್ತಿತ್ತು. ಕಚೇರಿಯ ಗಾಳಿಯಂತ್ರ ನೋಡಿಕೊಳ್ಳುವ ಡಕ್ಟಣ್ಣನನ್ನು ಬೆಳಿಗ್ಗೆಯೇ ಕರೆಸಿ ಸಾಹೇಬರು ಒಂದು ಕಾಗದ ತೋರಿಸಿದರು.

"ನೋಡಯ್ಯಾ, ನಿನ್ನ ಕೆಲಸ ಕಾಯಂ ಮಾಡೋ ಆರ್ಡರು. ಸಂಜೆಯೊಳಗೆ ಸಿಳ್ಳೆ ನಿಂತ್ರೆ ಸಹಿ. ಇಲ್ದಿದ್ರೆ ಮುಂದಿನ ವರ್ಷ."

ಆರು ವರ್ಷದಿಂದ 'ತಾತ್ಕಾಲಿಕ'ವಾಗಿಯೇ ತಲೆ ನರೆಸಿಕೊಂಡಿದ್ದ ಡಕ್ಟಣ್ಣನಿಗೆ ಖುಷಿಯಲ್ಲಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸುಮ್ಮನಿರಬಾರದೇ? ಹೆಂಡತಿಗೆ ಫೋನು ಮಾಡಿ, "ಇವತ್ತು ಕಾಯಂ ಆಗ್ತೀನಿ ಕಣೇ!" ಎಂದುಬಿಟ್ಟ.

ಏಣಿ ಹಾಕಿ ಸೀಲಿಂಗಿನೊಳಗೆ ತೂರಿದ. ಅಲ್ಲಿ ಮಂಚದಷ್ಟು ದೊಡ್ಡ ತಗಡಿನ ಪೆಟ್ಟಿಗೆ; ಕಡತಗಳಲ್ಲಿ ಅದರ ಹೆಸರು ಸ್ಟ್ಯಾಟಿಕ್ ಪ್ರೆಶರ್ ಬಾಕ್ಸ್. ಯಂತ್ರದಿಂದ ನುಗ್ಗಿ ಬರುವ ಗಾಳಿ ಅದರೊಳಗೆ ಸಮಾಧಾನ ಮಾಡಿಕೊಂಡು, ಒಂದೇ ಒತ್ತಡದಲ್ಲಿ ನಾಲ್ಕು ಡಕ್ಟು, ಅಂದರೆ ಗಾಳಿಕೊಳವೆ, ಹಿಡಿದು ನಾಲ್ಕು ಕೋಣೆಗೆ ಹೋಗಬೇಕು. ಪೆಟ್ಟಿಗೆ ಗಟ್ಟಿಮುಟ್ಟಾಗಿಯೇ ಇತ್ತು. ಹಾಗಾದರೆ ಕಿತಾಪತಿ ಕೆಳಗಿನದೇ.

ಹೌದು. ಇಳಿದು ನೋಡಿದರೆ ಟೈಪಿಸ್ಟ್ ಅಕ್ಕ ತನ್ನ ಕೋಣೆಯ ಕಿಂಡಿಗೆ ಹಳೇ ಕ್ಯಾಲೆಂಡರ್ ಅಂಟಿಸಿದ್ದಳು. ದಾಖಲೆ ಕೋಣೆಯ ತಾತ ರಟ್ಟು ಬಡಿದಿದ್ದರು. ಟೆಲಿಫೋನ್ ಮೇಡಂ ದಿಂಬನ್ನೇ ತುರುಕಿದ್ದರು. ಮೂರು ದಾರಿ ಮುಚ್ಚಿದ ಮೇಲೆ ಗಾಳಿಯೆಲ್ಲ ಸಾಹೇಬರ ಕೋಣೆಗೇ ನುಗ್ಗಿ ಸಿಳ್ಳೆ ಹೊಡೆಯುತ್ತಿತ್ತು.

"ಚಳಿ ಕಣಪ್ಪಾ, ಮಂಡಿ ಹಿಡ್ಕೊಳ್ಳತ್ತೆ," ಎಂದರು ತಾತ, ಯಾಕೋ ಮುಖ ತಿರುಗಿಸಿ.

"ನಂಗೂ ಚಳಿ," ಎಂದಳು ಅಕ್ಕ.

"ನಂಗಂತೂ ಬಹಳ," ಎಂದರು ಮೇಡಂ, ಬೀಸಣಿಗೆ ಬೀಸಿಕೊಳ್ಳುತ್ತಾ.

ಡಕ್ಟಣ್ಣ ಒಂದು ಕಡೆ ಕಿತ್ತರೆ ಇನ್ನೊಂದು ಕಡೆ ಅವರು ಮುಚ್ಚುತ್ತಿದ್ದರು. ಊಟದ ಹೊತ್ತಿನವರೆಗೆ ಏಣಿ ಹೊತ್ತು ಓಡಾಡಿ ಅವನ ಸೊಂಟ ಬಿದ್ದುಹೋಯಿತು. ಕೊನೆಗೆ ಅಕ್ಕನಿಗೆ ತನ್ನ ಸ್ವೆಟರ್, ತಾತನಿಗೆ ಮಫ್ಲರ್, ಮೇಡಂಗೆ ಅಂಗಿಯನ್ನೇ ಬಿಚ್ಚಿಕೊಟ್ಟು, "ನನ್ನ ಹೊಟ್ಟೆ ಮೇಲೆ ಹೊಡೀಬೇಡಿ, ನಿಮ್ಮ ದಮ್ಮಯ್ಯ!" ಎಂದು ಬನಿಯನ್ನಿನಲ್ಲಿ ಕೈಮುಗಿದ. ಪಾಪ ಅನ್ನಿಸಿ ಮೂವರೂ ಕಿಂಡಿ ಬಿಟ್ಟುಕೊಟ್ಟರು. ಸಿಳ್ಳೆ ನಿಂತಿತು!

ಊಟ ಮುಗಿಸಿ ಬಂದ ಸಾಹೇಬರು ಕಿವಿಗೊಟ್ಟು ಕೇಳಿದರು. "ಆಹಾ! ಭೇಷ್ ಕಣಯ್ಯಾ! ತಾ ಇಲ್ಲಿ," ಎಂದು ಕಾಗದ ಎಳೆದುಕೊಂಡು ಪೆನ್ನು ತೆರೆದರು. ಹೆಸರಿನ ಮೊದಲ ಅಕ್ಷರ ಬಿತ್ತು. ಎರಡನೆಯದು ಬೀಳುವಷ್ಟರಲ್ಲಿ, ಎರಡು ತಿಂಗಳಿಂದ ತಪ್ಪಿಹೋಗಿದ್ದ ಮಧ್ಯಾಹ್ನದ ನಿದ್ದೆಯೆಲ್ಲ ಒಟ್ಟಿಗೇ ಬಂದು ಅಮರಿಕೊಂಡಿತು. ತಲೆ ಮೇಜಿಗೆ ಒರಗಿತು. ಗೊರಕೆ ಶುರುವಾಯಿತು.

ಡಕ್ಟಣ್ಣ ಕೆಮ್ಮಿದ. ಸೀನಿದ. ಊಹೂಂ. ಮೆಲ್ಲಗೆ ಹೊರಗೆ ಬಂದರೆ ಅಯ್ಯೋ ದೇವರೇ, ಅದೇ ಗೊರಕೆ ಗಾಳಿಪೆಟ್ಟಿಗೆ ಹಾದು ಮೂರೂ ಕೋಣೆಗಳಲ್ಲಿ ಸಮಸಮನಾಗಿ ಮೊಳಗುತ್ತಿತ್ತು!

"ಚಳಿಯೂ ಇಲ್ಲ, ಗಿಳಿಯೂ ಇಲ್ಲ ಕಣೋ," ಎಂದು ತಾತ ರಟ್ಟು ಎತ್ತಿಕೊಂಡರು. "ಎರಡು ತಿಂಗಳ ಹಿಂದೆ ನಾವು ಮುಚ್ಚಿದ್ದೇ ಇದಕ್ಕೆ! ಸಾಹೇಬರ ಗೊರಕೆ ಅಂತ ಬಾಯಿ ಬಿಟ್ಟು ಯಾರು ಹೇಳೋದು?"

"ತಾತ, ಬೇಡ! ಒಂದಕ್ಷರವಷ್ಟೇ ಆಗಿದೆ!"

ಕೇಳುವವರು ಯಾರು? ರಟ್ಟು, ಕ್ಯಾಲೆಂಡರ್, ದಿಂಬು ಮೂರೂ ಸ್ವಸ್ಥಾನ ಸೇರಿದವು. ಸಾಹೇಬರ ಕೋಣೆಯಲ್ಲಿ ಸಿಳ್ಳೆ ಕಿರ್ರೆಂದಿತು. ಡಕ್ಟಣ್ಣ ಒಳಗೆ ಓಡುವಷ್ಟರಲ್ಲಿ ಸಾಹೇಬರು ಬೆಚ್ಚಿಬಿದ್ದು ಎದ್ದಿದ್ದರು.

"ಮತ್ತೆ ಶುರುವಾಯ್ತಲ್ಲಯ್ಯಾ!"

"ಅವರು ಕಿಂಡಿ ಮುಚ್ಚಿಬಿಟ್ರು ಸಾರ್."

"ಯಾಕೆ?"

"ಏನೋ... ಶಬ್ದ ಬರತ್ತಂತೆ ಸಾರ್."

"ಎಂಥಾ ಶಬ್ದ? ಇಷ್ಟು ಹೊತ್ತೂ ಇಲ್ಲೇ ಇದ್ದೀನಿ, ನನಗೇನೂ ಕೇಳಿಸ್ಲಿಲ್ವಲ್ಲ!" ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. "ಆ ಶಬ್ದ ಎಲ್ಲಿಂದ ಬರತ್ತೆ ಅಂತ ಕಂಡುಹಿಡಿದು ನಿಲ್ಲಿಸು. ಉಳಿದ ಸಹಿ ಮುಂದಿನ ವರ್ಷ."

ಬನಿಯನ್ನಿನಲ್ಲೇ ಹೊರಗೆ ಬಂದ ಡಕ್ಟಣ್ಣನಿಗೆ ಹೆಂಡತಿಯ ಫೋನು.

"ರೀ, ಇಡೀ ಬೀದಿಗೆ ಸಿಹಿ ಹಂಚಿಬಿಟ್ಟೆ! ಸಹಿ ಆಯ್ತಾ?"

"ಒಂದಕ್ಷರ ಆಗಿದೆ ಕಣೇ," ಎಂದ ಡಕ್ಟಣ್ಣ.