ಮೊದಲ ತುತ್ತು ದೊಡ್ಡಪ್ಪನದು

ನಮ್ಮ ದೊಡ್ಡಪ್ಪ ದನದ ಬೂಸಾ ತಿನ್ನುತ್ತಾರೆ ಎಂದರೆ ನೀವು ನಂಬುವುದಿಲ್ಲ. ಮುಗ್ಗಲು ರುಚಿ ಇದೆ ಎಂದು ಮೂಟೆಯನ್ನೇ ಬೇತಮಂಗಲದ ಅಂಗಡಿಗೆ ವಾಪಸು ಹೊತ್ತೊಯ್ದವರು ಎಂದರೆ? ಅವರ ಮನೆಯಲ್ಲಿ ಯಾರ ಬಾಯಿಗೆ ಏನು ಹೋಗಬೇಕಾದರೂ ಮೊದಲು ಅವರ ನಾಲಿಗೆ ದಾಟಬೇಕು. ಕರುವಿನ ಜಂತುಹುಳದ ಔಷಧಿಯನ್ನೂ ಬಿಟ್ಟವರಲ್ಲ! ಆ ದಿನ ಅವರು ಹಿತ್ತಿಲಿನಿಂದ ಈಚೆ ಬರಲೇ ಇಲ್ಲ. ಸಂಜೆ ವಿಚಾರಿಸಿದರೆ, "ಕೆಲ್ಸ ಮಾಡ್ತೈತೆ ಕಣ್ಲಾ, ಕರೂಗೆ ಕುಡ್ಸು" ಎಂದರು.

ಹೋದ ವರ್ಷ ದೊಡ್ಡಮ್ಮನಿಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಕೀಮೋ ಶುರುವಾಗಬೇಕಿದ್ದ ವಾರವೇ ರಾಬರ್ಟ್‌ಸನ್‌ಪೇಟೆಯ ಔಷಧಿ ಏಜೆಂಟನೊಬ್ಬ ದೊಡ್ಡಪ್ಪನ ಕೈಗೆ ಪುಟ್ಟ ಇಂಜೆಕ್ಷನ್ ಬಾಟಲಿಗಳನ್ನಿಟ್ಟ. ಪೆಪ್ಟೈಡ್ ಅನ್ನೋ ಔಷಧಿಯಂತೆ, ಹೊಸ ಪ್ರಯೋಗವಂತೆ, ಕೂದಲು ಉದುರುವುದಿಲ್ಲವಂತೆ, ಕೀಮೋ ಬೇಕಾಗಿಯೇ ಇಲ್ಲವಂತೆ. ಕೂದಲಿಗಾಗಿ ಅಳುತ್ತಿದ್ದ ದೊಡ್ಡಮ್ಮ, ಆಸ್ಪತ್ರೆ ಬೇಡ, ಇದೇ ಸಾಕು ಎಂದು ಹಟ ಹಿಡಿದು ಕೂತರು.

"ಇರು, ಮೊದ್ಲು ನಾನು ನೋಡ್ತೀನಿ" ಎಂದ ದೊಡ್ಡಪ್ಪ, ಹಸುಗಳಿಗೆ ಚುಚ್ಚಿ ಪಳಗಿದ ಕೈಯಿಂದ ತಮ್ಮ ತೋಳಿಗೇ ಚುಚ್ಚಿಕೊಂಡರು! ಇದನ್ನು ಹುಚ್ಚು ಎನ್ನಬಹುದು. ಹೆಂಡತಿಗಾಗಿ ಇಂಥ ಹುಚ್ಚು ಮಾಡುವ ಎದೆ ನನಗಂತೂ ಇಲ್ಲ. ಮರುದಿನ ತೋಳು ಕುಂಬಳಕಾಯಿಯಷ್ಟು ಊದಿತು, ಮೈ ಸುಡುತ್ತಿತ್ತು. ದೊಡ್ಡಮ್ಮನೂ ನಾನೂ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು.

ಡಾಕ್ಟರಮ್ಮ ಬಾಟಲಿ ತಿರುಗಿಸಿ ನೋಡಿದರು. "ಮನುಷ್ಯರಿಗೆ ಬಳಸಬಾರದು ಅಂತ ಇದರ ಮೇಲೇ ಬರೆದಿದೆಯಲ್ಲ?"

"ದನದ ಇಂಡಿ ಮೂಟೆ ಮ್ಯಾಲೂ ಅಂಗೇ ಬರ್ದಿರ್ತಾರೆ ಮೇಡಂ. ನಾನು ತಿಂದಿಲ್ವಾ?"

ಡಾಕ್ಟರಮ್ಮ ನಗಲಿಲ್ಲ. "ಇದರಿಂದ ಕ್ಯಾನ್ಸರ್ ವಾಸಿಯಾಗುತ್ತೆ ಅನ್ನೋಕೆ ಪುರಾವೆ ಇಲ್ಲ. ಒಳಗೆ ಏನಿದೆಯೋ ಅದೂ ಗೊತ್ತಿಲ್ಲ. ನಿಮಗೆ ಏನೂ ಆಗದೇ ಇದ್ದಿದ್ರೆ ಇವರಿಗೆ ಕೊಟ್ಟು, ಕೀಮೋ ತಪ್ಪಿಸಿ, ಗಡ್ಡೆ ಬೆಳೆಯೋಕೆ ಬಿಡ್ತಿದ್ರಿ. ನಿಮ್ಮ ಮೈ ನೋಡಿ ಇವರ ಕಾಯಿಲೆ ಹೇಳೋಕಾಗಲ್ಲ."

ದೊಡ್ಡಪ್ಪ ತಲೆ ತಗ್ಗಿಸಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ದೊಡ್ಡಮ್ಮ ಅವರ ಊದಿದ ತೋಳು ಸವರಿ, "ನಂಗೆ ಆ ಕೀಮೋ ಡ್ರಿಪ್ಪೇ ಆಕಿ ಮೇಡಂ, ಕೂದ್ಲು ಓದ್ರೆ ಓಗ್ಲಿ" ಎಂದರು. ಡ್ರಿಪ್ ಹಾಕುವ ದಿನ ದೊಡ್ಡಪ್ಪ ನರ್ಸಮ್ಮನನ್ನು ಮೆಲ್ಲಗೆ ಕೇಳಿದರಂತೆ: "ನಂಗೂ ಒಂದ್ ತೊಟ್ಟು?" ಬೈಸಿಕೊಂಡರು.

ಮೂರನೆಯ ಡ್ರಿಪ್ಪಿನ ಹೊತ್ತಿಗೆ ಕೂದಲು ಹೋಯಿತು, ನಾಲಿಗೆಯ ರುಚಿಯೂ ಹೋಯಿತು. ಏನು ಕೊಟ್ಟರೂ ಮಣ್ಣು ತಿಂದ ಹಾಗಿದೆ ಎಂದು ದೊಡ್ಡಮ್ಮ ತಟ್ಟೆ ತಳ್ಳತೊಡಗಿದರು.

ಮೊನ್ನೆ ನಾನಿರುವ ಬಂಗಾರಪೇಟೆಯಿಂದ ಅವರನ್ನು ನೋಡಲು ಹೋದೆ. ಇಬ್ಬರ ಮುಂದೆಯೂ ಮುದ್ದೆ, ಬಸ್ಸಾರು. ದೊಡ್ಡಪ್ಪ ತಮ್ಮ ತಟ್ಟೆಯಿಂದ ಒಂದು ತುತ್ತು ನುಂಗಿ, ಕಣ್ಣು ಮುಚ್ಚಿ ಹೇಳಿದರು: "ಉಪ್ಪು ಸರ್ಯಾಗೈತೆ. ಬೆಳ್ಳುಳ್ಳಿ ಘಮ್ ಅಂತೈತೆ. ನೀನು ಮಾಡ್ತಿದ್ದಂಗೇ ಐತೆ."

ಕೇಳುತ್ತಲೇ ದೊಡ್ಡಮ್ಮ ಒಂದು ತುತ್ತು ನುಂಗಿದರು. ಮುಂದಿನ ತುತ್ತು ಮುರಿದು, ಸಾರಿಗೆ ಅದ್ದಿ, ಕೈಯಲ್ಲೇ ಹಿಡಿದು ಕಾದರು.

"ಎಂಗೈತೆ ಅಂತ ಇನ್ನೊಂದ್ ಸಲ ಏಳಿ."