ಕ್ಷೌರಿಕನ ವಿಶ್ವಪರ್ಯಟನೆ

ಮೀಸೆಯ ತುದಿ ಸರಿಮಾಡುವ ಹೊತ್ತಿಗೇ ಕ್ಷೌರಿಕನ ಜೇಬಿನಲ್ಲಿದ್ದ ಮೊಬೈಲು ಹಡಗಿನಂತೆ ಭೋಂ ಎಂದು ಕೂಗಿತು. ಅವನು ಬೆಚ್ಚಿದ, ರೇಜರ್ ಜಾರಿತು. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ನಿವೃತ್ತ ಪೋಸ್ಟ್‌ಮಾಸ್ಟರರು ಸಾಕಿ ಸಲಹಿದ್ದ ಮೀಸೆಯ ಎಡಭಾಗ ನೊರೆಯ ಸಮೇತ ನೆಲಕ್ಕೆ ಬಿತ್ತು.

"ಏನಯ್ಯಾ ಅದು ಸದ್ದು?" ಎಂದರು ಅವರು. ಪುಣ್ಯಕ್ಕೆ ಇನ್ನೂ ಕನ್ನಡಿ ನೋಡಿರಲಿಲ್ಲ.

"ಹಡಗು ಸಾರ್. ಬಂದರಿಗೆ ಬಂತು."

ಹಳೆಯ ಪ್ರವಾಸ ಕಾದಂಬರಿಯೊಂದನ್ನು ಯಾರೋ ಮೊಬೈಲ್ ಆಟ ಮಾಡಿದ್ದರು. ಪ್ರಯಾಣಿಕ ಭೂಮಿ ಸುತ್ತಿ ಮನೆ ಸೇರಬೇಕು. ಅವನನ್ನು ಬೆನ್ನಟ್ಟುವವನು ಕರಿಟೋಪಿ. ಪ್ರಯಾಣಿಕನನ್ನು ಆಡಿಸುವುದು ಕ್ಷೌರಿಕ, ಕರಿಟೋಪಿಯನ್ನು ಆಡಿಸುವುದು ಅದೇ ಬಡಾವಣೆಯ ಇನ್ನೊಬ್ಬ ಆಟಗಾರ. ಯಾರೆಂದು ಮಾತ್ರ ಗೊತ್ತಾಗುವುದಿಲ್ಲ. ಪ್ರಯಾಣಿಕ ಮನೆ ಸೇರಿದರೆ ಅವನಿಗೆ, ಸಿಕ್ಕಿಬಿದ್ದರೆ ಕರಿಟೋಪಿಗೆ ಬಹುಮಾನ: ಇಬ್ಬರಿಗೆ ನಿಜವಾದ ಹಡಗು ಪ್ರಯಾಣ!

ಮದುವೆಯಾದಂದಿನಿಂದ ಹೆಂಡತಿ ಎಲ್ಲಿಗಾದರೂ ಹೋಗೋಣ ಎಂದಾಗಲೆಲ್ಲ ಕ್ಷೌರಿಕ ಅಂಗಡಿಯನ್ನು ಅಡ್ಡ ತಂದಿದ್ದ. ಈಚೆಗೆ ಅವಳು ಕೇಳುವುದನ್ನೇ ಬಿಟ್ಟಿದ್ದಳು. ಅದು ಅವನನ್ನು ಚುಚ್ಚುತ್ತಿತ್ತು. ಟಿಕೆಟ್ ಗೆದ್ದು ಅವಳ ಕೈಯಲ್ಲಿಡಬೇಕು, ಅವಳ ಮುಖ ಅರಳುವುದನ್ನು ನೋಡಬೇಕು ಎಂದು ಕದ್ದುಮುಚ್ಚಿ ಆಡುತ್ತಿದ್ದ. ಇವತ್ತು ಕೊನೆಯ ಘಟ್ಟ.

ಕನ್ನಡಿ ನೋಡಿದ ಪೋಸ್ಟ್‌ಮಾಸ್ಟರರು ಕಿರುಚಲು ಬಾಯಿ ತೆರೆದರು. ಅಷ್ಟರಲ್ಲಿ ಮೊಬೈಲಿನ ಮೇಲೆ ಕಾದಂಬರಿಯ ಹೆಸರು ಕಂಡಿತು.

"ಅಯ್ಯೋ, ಇದನ್ನ ಎಷ್ಟು ಸಲ ಓದಿದೀನಿ ಗೊತ್ತೇನೋ! ಮೀಸೆ ಹಾಳಾಗ್ಲಿ, ಬೆಳೆಯುತ್ತೆ. ಹಡಗು ಹತ್ತಬೇಡ. ಪುಸ್ತಕದಲ್ಲಿ ಅವನು ಮರುಭೂಮಿ ದಾಟ್ತಾನೆ. ಒಂಟೆ ಹಿಡಿ!"

ಗಲಾಟೆ ಕೇಳಿ ಪಕ್ಕದಂಗಡಿಯ ಟೈಲರ್ ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡೇ ಬಂದ. "ಕಣ್ಮುಂದೆ ಹಡಗು ನಿಂತಿದೆ, ಒಂಟೆ ಯಾಕೆ ಸ್ವಾಮಿ?"

"ನೀನು ಪುಸ್ತಕ ಓದಿದೀಯೇನಯ್ಯಾ?"

"ಹಡಗು ಹತ್ತೋಕೂ ಪುಸ್ತಕ ಓದ್ಬೇಕಾ?"

ಅರ್ಧ ಮೀಸೆ ತೆಗೆದ ಮೇಲೆ ಪೋಸ್ಟ್‌ಮಾಸ್ಟರರ ಮಾತು ತೆಗೆದುಹಾಕುವ ಧೈರ್ಯ ಕ್ಷೌರಿಕನಿಗೆ ಇರಲಿಲ್ಲ. ಒಂಟೆ ಹತ್ತಿದ. ಹಡಗು ಹೊರಟುಹೋಯಿತು. ಒಂಟೆಯೋ, ರಜೆ ಮುಗಿಸಿ ಶಾಲೆಗೆ ಹೊರಟ ಹುಡುಗನ ಹಾಗೆ ಕಾಲೆಳೆಯಿತು. ಹಿಂದೆ ದೂರದಲ್ಲಿ ಕರಿಟೋಪಿ ಕಾಣಿಸಿತು.

ಆಗಲೇ ಹೆಂಡತಿಯ ಫೋನು. "ರೀ, ಊಟಕ್ಕೆ ಬರ್ತೀರಾ?"

"ಇಲ್ಲ ಕಣೇ. ಅಂಗಡಿ ತುಂಬ ಜನ, ಉಸಿರಾಡೋಕೂ ಬಿಡುವಿಲ್ಲ."

"ಹೌದಾ, ಪಾಪ. ನಿಧಾನಕ್ಕೇ ಬನ್ನಿ, ನಂಗೇನೂ ಅವಸರ ಇಲ್ಲ."

ಎಂಥ ಹೆಂಗಸು! ಕ್ಷೌರಿಕನ ಕಣ್ಣು ತುಂಬಿತು. ಮತ್ತೆ ಆಟ ತೆರೆದರೆ ಕರಿಟೋಪಿ ನಿಂತಲ್ಲೇ ನಿಂತಿದ್ದ, ಒಂದು ಹೆಜ್ಜೆಯೂ ಮುಂದೆ ಬಂದಿರಲಿಲ್ಲ. ಕ್ಷೌರಿಕನ ತಲೆ ಚುರುಕಾಯಿತು. ಅಂದರೆ ನಾನು ಮಾತಾಡುವುದನ್ನು ಕೇಳಿಸಿಕೊಳ್ಳುತ್ತ ನಿಂತಿದ್ದ! ಅಂದರೆ ಇಲ್ಲೇ ಇದ್ದಾನೆ! ತಿರುಗಿ ನೋಡಿದರೆ ಟೈಲರ್ ಗೋಡೆಗೆ ಮುಖಮಾಡಿ ತನ್ನ ಮೊಬೈಲು ಒತ್ತುತ್ತಿದ್ದ.

"ಸಿಕ್ಕಿಬಿದ್ದೆ ಕಳ್ಳಾ!" ಎಂದು ಅದನ್ನು ಕಿತ್ತುಕೊಂಡ. ಅದರಲ್ಲಿ ಒಂದು ವಿಡಿಯೊ ಓಡುತ್ತಿತ್ತು: ಪ್ಯಾಂಟಿಗೆ ಜೇಬು ಹೊಲಿಯುವುದು ಹೇಗೆ?

"ಯಾರಿಗೂ ಹೇಳ್ಬೇಡಿ, ಕೈ ಮುಗೀತೀನಿ," ಟೈಲರ್ ಗೋಗರೆದ.

"ನನ್ನ ಪ್ಯಾಂಟು ನಿನ್ನ ಹತ್ರಾನೇ ಇದೆಯಲ್ಲೋ!" ಪೋಸ್ಟ್‌ಮಾಸ್ಟರರು ಕುರ್ಚಿಯಿಂದ ನೆಗೆದರು. ಇಬ್ಬರನ್ನೂ ಬಿಡಿಸಿ, ಕೂರಿಸಿ, ಒಣಗಿದ ಕೆನ್ನೆಗೆ ಮತ್ತೆ ನೊರೆ ಹಚ್ಚುವಷ್ಟರಲ್ಲಿ ಒಂಟೆ ತಾನಾಗಿಯೇ ಮರುಭೂಮಿ ದಾಟಿತ್ತು. ಪರದೆಯ ಮೇಲೆ ಪ್ರಯಾಣಿಕನ ಮನೆ! ಬಾಗಿಲು ತಟ್ಟಿದರೆ ಮುಗಿಯಿತು. ಆದರೆ ಕರಿಟೋಪಿಯೂ ಬೀದಿ ತಿರುವಿಗೆ ಬಂದುಬಿಟ್ಟಿದ್ದ.

ಕ್ಷೌರಿಕ ಹೆಬ್ಬೆರಳು ಒತ್ತಿದ. ಬೆರಳ ತುಂಬ ಸೋಪು. ಪರದೆ ಜಪ್ಪಯ್ಯ ಎನ್ನಲಿಲ್ಲ. ಅಂಗಿಗೆ ಒರೆಸಿದ. ಸೋಪಿಗೆ ಕೂದಲೂ ಅಂಟಿತು. "ನಾನು ತಟ್ತೀನಿ!" "ಬಿಡಿ, ನಾನು!" ಎಂದು ಮೂವರೂ ಒಟ್ಟಿಗೆ ಒತ್ತಿದರು. ಪ್ರಯಾಣಿಕ ಬಾಗಿಲ ಮುಂದೆ ಬುಗುರಿಯಂತೆ ಗಿರಗಿರ ತಿರುಗಿದ. ಕರಿಟೋಪಿ ಬಂದು ಮೆಲ್ಲಗೆ ಹೆಗಲ ಮೇಲೆ ಕೈಯಿಟ್ಟ.

"ಪುಸ್ತಕದಲ್ಲಿ ಹೀಗಿಲ್ಲ," ಎಂದರು ಪೋಸ್ಟ್‌ಮಾಸ್ಟರರು. ಉಳಿದರ್ಧ ಮೀಸೆಯನ್ನೂ ತೆಗೆಸಿಕೊಂಡು, ಪ್ಯಾಂಟು ವಾಪಸು ಕೇಳಲು ಪಕ್ಕದಂಗಡಿಗೆ ನಡೆದರು.

ಕ್ಷೌರಿಕ ಹೆಣಭಾರದ ಕಾಲು ಎತ್ತಿಡುತ್ತ ಮನೆಗೆ ಬಂದ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ಅಷ್ಟು ಅರಳಿದ್ದನ್ನು ಅವನು ನೋಡಿ ಯಾವ ಕಾಲವಾಗಿತ್ತೋ.

"ರೀ, ಹಡಗಿನ ಟಿಕೆಟ್ ಗೆದ್ದೆ! ಮೊಬೈಲ್ ಆಟದಲ್ಲಿ! ಯಾವನೋ ಪೆದ್ದ, ನಿಂತಿದ್ದ ಹಡಗು ಬಿಟ್ಟು ಒಂಟೆ ಹತ್ತಿದ. ಕೊನೇಲಿ ಮನೆ ಮುಂದೆ ಬಂದು ಸುಮ್ನೆ ತಿರುಗ್ತಾ ನಿಂತ್ಕೊಂಡ. ಹೋಗಿ ಹಿಡ್ಕೊಂಡೆ!"

ಕ್ಷೌರಿಕ ಬಾಗಿಲಿಗೆ ಒರಗಿದ. ಆ ಪೆದ್ದ ನಾನೇ ಎನ್ನಲು ಹೋಗಿ ನುಂಗಿಕೊಂಡ. ಹೋಗಲಿ, ಸೋತರೇನು, ಟಿಕೆಟ್ ಮನೆಗೇ ಬಂತಲ್ಲ. ಅವನಿಗೂ ನಗು ಬಂತು.

"ಯಾವಾಗ ಹೊರಡೋಣ?"

"ನೀವೆಲ್ಲಿ ಬರ್ತೀರಾ?" ಹೆಂಡತಿ ಕನಿಕರದಿಂದ ನೋಡಿದಳು. "ಊಟಕ್ಕೆ ಬರೋಕೇ ಬಿಡುವಿಲ್ಲ ಅಂದ್ರಲ್ಲ, ಪಾಪ, ಯಾಕೆ ತೊಂದರೆ ಕೊಡೋದು ಅಂತ ಅಕ್ಕನ್ನ ಕರೆದೆ. ಅವಳು ಆಗ್ಲೇ ಬಟ್ಟೆ ಜೋಡಿಸ್ತಿದ್ದಾಳೆ."