ನರಸಿಂಹಯ್ಯನವರ ಅಕ್ಷರ

ಬಾಲಾಜಿಗೆ ಫಾಂಟ್ ತೋರಿಸಿದ್ದೇ ನಂದೀಶ ಮಾಡಿದ ತಪ್ಪು.

"ಯಾರಿಗೂ ಕಳಿಸ್ಬೇಡ ಕಣೋ. ನಾಳೆ ಸಂಜೆವರೆಗೂ ಗುಟ್ಟು. ಟೈಪ್ ಮಾಡಿ ಎಲ್ಲಾದ್ರೂ ತಪ್ಪಿದ್ಯಾ ನೋಡು, ಅಷ್ಟೇ" ಎಂದು ಹೇಳಿ ಹಿಂದಿನ ದಿನ ಪೆನ್‌ಡ್ರೈವ್ ಕೊಟ್ಟಿದ್ದ. ಬಾಲಾಜಿ ಗುಟ್ಟಿಗೆ ಬೆಲೆ ಕೊಡುವ ಮನುಷ್ಯ. ಪೀಣ್ಯದ ಕೆಲಸಗಾರರ ವಾಟ್ಸಾಪ್ ಗುಂಪಿಗೆ ಹಾಕುವಾಗ 'ಯಾರಿಗೂ ಹೇಳಬೇಡಿ' ಎಂದು ಸೇರಿಸಿಯೇ ಹಾಕಿದ. ಗುಂಪಿನಲ್ಲಿ ಇನ್ನೂರ ಹನ್ನೊಂದು ಜನರಿದ್ದರು.

ಇಬ್ಬರೂ ಪೀಣ್ಯ ಎರಡನೇ ಹಂತದ ಒಂದು ಲೇಬಲ್ ಅಂಗಡಿಯಲ್ಲಿ ಕೆಲಸಕ್ಕಿದ್ದರು. ನಂದೀಶ ಡಿಸೈನರ್, ಬಾಲಾಜಿ ಪ್ರಿಂಟಿಂಗ್. ರಸ್ತೆಯಾಚೆ ಒಂದು ಎರಕದ ಕಾರ್ಖಾನೆ. ಅಲ್ಲಿನ ನೋಟಿಸ್ ಬೋರ್ಡಿನಲ್ಲಿ ಪ್ರತಿ ಸೋಮವಾರ ಒಂದು ಕವಿತೆ ಅಂಟಿಕೊಂಡಿರುತ್ತಿತ್ತು. ಬರೆಯುತ್ತಿದ್ದವರು ಹಾಜರಿ ನೋಡುವ ಟೈಮ್ ಆಫೀಸಿನ ನರಸಿಂಹಯ್ಯ. ಕುಲುಮೆಯ ಬಿಸಿಯ ಬಗ್ಗೆ, ಬಸ್ಸಿನಲ್ಲಿ ಸಿಗದ ಸೀಟಿನ ಬಗ್ಗೆ, ಕೈ ತೊಳೆದರೂ ಹೋಗದ ಎಣ್ಣೆ ವಾಸನೆಯ ಬಗ್ಗೆ ಅವರು ಬರೆದದ್ದನ್ನು ಕೆಲಸಗಾರರು ಟಿಫನ್ ಡಬ್ಬಿ ಹಿಡಿದೇ ನಿಂತು ಓದುತ್ತಿದ್ದರು. ಲೇಬಲ್ ಕೊಡಲು ಹೋದ ನಂದೀಶ ಮಾತ್ರ ಓದುವುದನ್ನು ಮರೆತು ಅಕ್ಷರಗಳನ್ನೇ ನೋಡುತ್ತಿದ್ದ. ಕೊಂಬುಗಳು ಹಾಲು ಕುಡಿದ ಬೆಕ್ಕಿನ ಬಾಲದ ಹಾಗೆ ನೆಮ್ಮದಿಯಾಗಿ ಸುತ್ತಿಕೊಂಡಿರುತ್ತಿದ್ದವು. ಒತ್ತಕ್ಷರಗಳು ಪಂಕ್ತಿಯಲ್ಲಿ ಊಟಕ್ಕೆ ಕೂತವರಂತೆ ಕಾಲು ಮಡಚಿ ಸಾಲಾಗಿ ಕೂತಿರುತ್ತಿದ್ದವು.

ನರಸಿಂಹಯ್ಯ ಈ ದಿನ ನಿವೃತ್ತರಾಗುತ್ತಾರೆಂದು ಎಂಟು ತಿಂಗಳ ಹಿಂದೆಯೇ ನಂದೀಶನಿಗೆ ತಿಳಿದಿತ್ತು. ಆಗಲೇ ಕವಿತೆಗಳ ಫೋಟೋ ತೆಗೆದು, ಒಂದೊಂದೇ ಅಕ್ಷರವನ್ನು ಕಂಪ್ಯೂಟರಿನಲ್ಲಿ ತಿದ್ದಿ ಫಾಂಟ್ ಮಾಡತೊಡಗಿದ್ದ. ಊಟದ ಬಿಡುವು, ಭಾನುವಾರ, ಅತ್ತಿಗೆಯ ಸೀಮಂತ, ಎಲ್ಲವೂ ಅದಕ್ಕೇ ಹೋಗಿತ್ತು. ನಾಲ್ಕು ಗಂಟೆಯ ಬೀಳ್ಕೊಡುಗೆಯಲ್ಲಿ ಅವರದೇ ಒಂದು ಕವಿತೆಯನ್ನು ಅವರದೇ ಅಕ್ಷರದ ಫಾಂಟಿನಲ್ಲಿ ಅಚ್ಚು ಹಾಕಿ, ಚೌಕಟ್ಟು ಕಟ್ಟಿಸಿ ಕೊಡುವುದೆಂದು ನಿಶ್ಚಯಿಸಿದ್ದ.

ಹನ್ನೊಂದೂವರೆಗೆ ಚಹಾ ಕುಡಿಯಲು ಕಾರ್ಖಾನೆಯ ಗೇಟಿನ ಬಳಿ ಹೋದರೆ ಕಾವಲುಗಾರ ಮಲಕಪ್ಪ ಕೈಯಲ್ಲಿ ಚೀಟಿಗಳ ಕಟ್ಟು ಹಿಡಿದು ಕೂಗಾಡುತ್ತಿದ್ದ.

"ಮುಂಜಾನೆಯಿಂದ ಹತ್ತೊಂಬತ್ತು ಮಂದಿ ಹೊರಗ ಹೋದ್ರು ನೋಡ್ರಿ! ಒಬ್ಬಂಗ ಹಲ್ಲುನೋವು, ಉಳದ ಹದಿನೆಂಟು ಮಂದಿ ಅಜ್ಜೀನೂ ಇವತ್ತಽ ತೀರಿಕೊಂಡಾರ! ಪೀಣ್ಯಾಕ್ಕ ಯಾವ ಬ್ಯಾನಿ ಬಂದೈತ್ರಿ, ಬರೇ ಅಜ್ಜಿಗೋಳನ್ನಽ ಹಿಡಿಯೂದು?"

ನಂದೀಶ ಒಂದು ಚೀಟಿ ಇಸಿದುಕೊಂಡು ನೋಡಿದ. ಗೇಟ್ ಪಾಸು. ಕಾರ್ಖಾನೆಯಲ್ಲಿ ಪಾಸು ಬರೆಯುವ ಅಧಿಕಾರ ನರಸಿಂಹಯ್ಯನವರೊಬ್ಬರಿಗೇ, ಅದೂ ನೀಲಿ ಶಾಯಿಯಲ್ಲಿ, ಕೈಬರಹದಲ್ಲಿ. ಇದೂ ನೀಲಿಯೇ. ಬೆಕ್ಕಿನ ಬಾಲಗಳೆಲ್ಲ ಸರಿಯಾಗಿ ಸುತ್ತಿಕೊಂಡಿದ್ದವು. ಬಾಯಲ್ಲಿದ್ದ ಚಹಾ ಮೂಗಿಗೆ ಬಂತು.

"ನರಸಿಂಹಯ್ಯನೋರು ಎಲ್ಲಿ?"

"ಮ್ಯಾನೇಜರ್ ಮೇಡಮ್ಮೋರು ಒಳಗ ಕರದಾರ. ಹೋಗೋ ದಿನ ಎಲ್ಲಾರಿಗೂ ರಜಾ ಹಂಚ್ಯಾರ ಅಂತ ಬಾಳ ಸಿಟ್ಟಾಗ್ಯಾರ. ಬೀಳ್ಕೊಡುಗಿ ಇಲ್ಲಂತ, ಸರ್ಟಿಫಿಕೇಟೂ ಇಲ್ಲಂತ."

ನಂದೀಶ ಅಂಗಡಿಗೆ ಓಡಿ ಬಾಲಾಜಿಯ ಕಾಲರ್ ಹಿಡಿದ.

"ನಾನೇನ್ ಮಾಡ್ದೆ ಮಗಾ? ನಾಲ್ಕು ಜನ ಫ್ರೆಂಡ್ಸು ಪಾಸ್ ಪ್ರಿಂಟ್ ಮಾಡ್ಕೊಡು ಅಂದ್ರು, ಕೊಟ್ಟೆ. ಮಿಕ್ಕೋರು ಎಲ್ಲಿ ಮಾಡಿಸ್ಕೊಂಡ್ರೋ ನಂಗೊತ್ತಿಲ್ಲ. ಆದ್ರೂ ಫಾಂಟ್ ಸಕ್ಕತ್ತಾಗಿ ಕೆಲಸ ಮಾಡ್ತಿದೆ ಬಿಡು, ಒಂದೂ ತಪ್ಪಿಲ್ಲ!"

"ಅವ್ರ ಹೆಸರು ಹಾಳಾಗ್ತಿದೆ ಕಣೋ!"

"ಸುಮ್ನಿದ್ಬಿಡು ಗುರು. ಎರಡು ದಿನ ಮಾಕಳೀಲಿ ನಮ್ಮತ್ತೆ ಮನೇಲಿರು. ಅವರಿಗೂ ಒಬ್ಬರು ಅಜ್ಜಿ ಇದ್ದಾರೆ, ಯಾರಾದ್ರೂ ಕೇಳಿದ್ರೆ..."

ಪೂರ್ತಿ ಕೇಳುವ ತಾಳ್ಮೆ ನಂದೀಶನಿಗಿರಲಿಲ್ಲ. ಚೌಕಟ್ಟು ಕಟ್ಟಿಸಿದ ಕವಿತೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ರಸ್ತೆ ದಾಟಿದ.

ಮ್ಯಾನೇಜರ್ ಶೋಭಾರಾಣಿಯವರ ಕೋಣೆಯಲ್ಲಿ ನರಸಿಂಹಯ್ಯ ಹೊಸ ಬಿಳಿ ಅಂಗಿ ತೊಟ್ಟು ನಿಂತಿದ್ದರು. ಕೈಯಲ್ಲಿ ಕರ್ಚೀಫು ಮುದ್ದೆಯಾಗಿತ್ತು.

"ಹದಿನೈದು ವರ್ಷ ಮೇಡಂ, ಒಂದು ಸುಳ್ಳು ಪಾಸು ಬರ್ದಿಲ್ಲ. ಆದ್ರೆ ಅಕ್ಷರ ನಂದೇ ಅನ್ಸುತ್ತೆ. ನಂಗೇ ತಲೆ ಕೆಟ್ಟಿದೆ" ಎನ್ನುತ್ತಿದ್ದರು.

"ಮೇಡಂ, ಅದು ನಾನು ಮಾಡಿರೋ ಫಾಂಟು!" ಎಂದು ನಂದೀಶ ಬಾಗಿಲಲ್ಲೇ ಒಪ್ಪಿಕೊಂಡುಬಿಟ್ಟ.

ಶೋಭಾರಾಣಿ ನಂಬಲಿಲ್ಲ. "ಪ್ರೂವ್ ಮಾಡಿ" ಎಂದರು. ಮಲಕಪ್ಪನಿಂದ ಬೆಳಗಿನ ಪಾಸುಗಳನ್ನೆಲ್ಲ ತರಿಸಿ ನಂದೀಶ ಮೇಜಿನ ಮೇಲೆ ಹರಡಿದ. ಅವನ ದನಿ ಗಟ್ಟಿಯಾಯಿತು. ಅಕ್ಷರದ ವಿಷಯ ಬಂದರೆ ಅವನು ಬೇರೆ ಮನುಷ್ಯ.

"ನೋಡಿ ಮೇಡಂ, ಈ ಹದಿನೆಂಟು 'ಅಜ್ಜಿ'ನೂ ಒಂದೇ ಥರ, ಒಂದ್ರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದ್ರೆ ಕೂದಲೆಳೆ ವ್ಯತ್ಯಾಸ ಇಲ್ಲ. ಮಷೀನು. ಈಗ ಈ ಪಾಸು ನೋಡಿ, ಹಲ್ಲುನೋವಿಂದು. 'ಹಲ್ಲು' ಅಂತ ಎರಡ್ಸಲ ಇದೆ. ಒಂದು ಸ್ವಲ್ಪ ಬಾಗಿದೆ, ಇನ್ನೊಂದು ನೆಟ್ಟಗಿದೆ. ಮನುಷ್ಯನ ಕೈ. ಇದೊಂದೇ ಸಾರ್ ಬರ್ದಿದ್ದು."

ಶೋಭಾರಾಣಿ ಚೀಟಿಗಳನ್ನು ಕಿಟಕಿಗೆ ಹಿಡಿದು ನೋಡಿದರು. ಎರಡು ನಿಮಿಷದ ನಂತರ ನರಸಿಂಹಯ್ಯನವರಿಗೆ ಕುರ್ಚಿ ಎಳೆದು ಕೊಟ್ಟರು. "ಸಾರಿ ಸಾರ್. ನಾಲ್ಕು ಗಂಟೆಗೆ ಫಂಕ್ಷನ್ ನಡೆಯುತ್ತೆ."

ನರಸಿಂಹಯ್ಯ ಕಣ್ಣೊರೆಸಿಕೊಂಡು ನಂದೀಶನ ಕೈ ಹಿಡಿದರು. ಅವನಿಗೆ ಎಂಟು ತಿಂಗಳ ದಣಿವೆಲ್ಲ ಇಳಿದಂತಾಯಿತು.

"ಒಂದು ಫಾರ್ಮಾಲಿಟಿ" ಎಂದು ಶೋಭಾರಾಣಿ ಬಿಳಿ ಹಾಳೆ ಮುಂದಿಟ್ಟರು. "ಹೀಗೀಗಾಯ್ತು ಅಂತ ಬರೆದು ಸೈನ್ ಹಾಕಿ."

ನಂದೀಶ ಪೆನ್ನು ಹಿಡಿದು ಎಷ್ಟೋ ವರ್ಷವಾಗಿತ್ತು. ಸಹಿ ಬಿಟ್ಟರೆ ಮಿಕ್ಕಿದ್ದೆಲ್ಲ ಮೌಸಿನಲ್ಲೇ. ಮೊದಲೆರಡು ಸಾಲು ತಡವರಿಸಿದ, ಆಮೇಲೆ ಕೈ ತಾನಾಗಿ ಓಡಿತು. ಬರೆದು ಕೊಟ್ಟ.

ಶೋಭಾರಾಣಿ ಹಾಳೆ ನೋಡಿದರು. ಪಾಸುಗಳನ್ನು ನೋಡಿದರು. ಮತ್ತೆ ಹಾಳೆ ನೋಡಿದರು. ಅವರ ಹುಬ್ಬು ಮೇಲೇರಿ ಅಲ್ಲೇ ನಿಂತಿತು.

"ಮಿಸ್ಟರ್ ನಂದೀಶ್, ಇದೂ ಅದೂ ಒಂದೇ ಅಕ್ಷರ."

ನಂದೀಶ ಬಗ್ಗಿ ನೋಡಿದ. ಅವನದೇ ಹಾಳೆಯಲ್ಲಿ ಬೆಕ್ಕುಗಳು ಬಾಲ ಸುತ್ತಿಕೊಂಡು ಕೂತಿದ್ದವು.

ನರಸಿಂಹಯ್ಯನವರೂ ಬಗ್ಗಿ ಹಾಳೆ ನೋಡಿದರು. "ನೀವು ಯಾವತ್ತಾದ್ರೂ ಜಿಗಣೀಲಿದ್ರಾ?"

"ಇದ್ದೆ ಸಾರ್. ಹದಿನೆಂಟು ವರ್ಷದ ಹಿಂದೆ. ಆಗಿನ್ನೂ ಬ್ರಷ್ಷಲ್ಲಿ ಬೋರ್ಡ್ ಬರೀತಿದ್ದೆ."

"ಗ್ರಾನೈಟ್ ಕಾರ್ಖಾನೆ ಕ್ಯಾಂಟೀನ್ ಗೋಡೆ ಮೇಲೆ ಊಟದ ನಿಯಮಗಳು..."

"ಇಪ್ಪತ್ತೆರಡು ನಿಯಮ. ನಾನೇ ಬರ್ದಿದ್ದು."

ನರಸಿಂಹಯ್ಯ ಎದ್ದು ನಿಂತರು. "ಅಯ್ಯೋ ಪುಣ್ಯಾತ್ಮ! ನನ್ನ ಅಕ್ಷರ ಕೋಳಿ ಕೆದಕಿದಂಗಿತ್ತು. ಬರ್ದ ಕವಿತೆ ನಂಗೇ ಓದೋಕಾಗ್ತಿರ್ಲಿಲ್ಲ. ಮೂರು ವರ್ಷ, ದಿನಾ ಮಧ್ಯಾಹ್ನ ಅನ್ನ ತಿಂತಾ ಆ ಗೋಡೆ ನೋಡಿ ನೋಡಿ ತಿದ್ಕೊಂಡೆ. ಆಮೇಲೇ ನಾನು ಈ ಊರಿಗೆ ಬಂದಿದ್ದು!" ಎಂದು ಅಷ್ಟು ಹಿರಿಯರು ಅವನ ಕಾಲಿಗೇ ಬಗ್ಗಹೋದರು. ನಂದೀಶ ಹೌಹಾರಿ ಹಿಂದೆ ಸರಿದಾಗ ಕುರ್ಚಿ ಉರುಳಿತು.

ಗೇಣುದ್ದದ ಕುಂಚದ ಅಕ್ಷರ ನರಸಿಂಹಯ್ಯನವರ ಪೆನ್ನಿನ ಮೊನೆಯಲ್ಲಿ ತಿರುಗಿ ಬಂದಾಗ ಅವನಿಗೆ ಗುರುತೇ ಸಿಕ್ಕಿರಲಿಲ್ಲ. ಎಂಟು ತಿಂಗಳು ಅವನು ಕಷ್ಟಪಟ್ಟು ನಕಲು ಮಾಡಿದ್ದು ತನ್ನನ್ನೇ.

"ಅಂದ್ರೆ" ಎಂದರು ಶೋಭಾರಾಣಿ, "ಸಾರ್‌ದೇನೂ ಇಲ್ಲ. ಹದಿನೆಂಟೂ ನಿಮ್ಮ ಅಕ್ಷರ, ನಿಮ್ಮ ಫಾಂಟು, ನಿಮ್ಮ ಅಂಗಡಿ. ನಿಮ್ಮ ಓನರ್‌ಗೆ ಫೋನ್ ಮಾಡ್ಲಾ?"

"ಬೇಡ ಮೇಡಂ!"

"ಹಾಗಾದ್ರೆ ಗೇಟಲ್ಲಿ ಒಂದು ಬೋರ್ಡ್ ಬರೆದುಕೊಡಿ. ಕೈಯಲ್ಲೇ. ಕಂಪ್ಯೂಟರ್ ಸಹವಾಸ ಬೇಡ."

ನಾಲ್ಕು ಗಂಟೆಗೆ ಒಳಗೆ ಮೈಕಿನಲ್ಲಿ ನರಸಿಂಹಯ್ಯನವರ ಕೈಬರಹವನ್ನು ಒಬ್ಬರ ನಂತರ ಒಬ್ಬರು ಹೊಗಳುತ್ತಿದ್ದರು. ಹೊರಗೆ ನಂದೀಶ ಸ್ಟೂಲಿನ ಮೇಲೆ ನಿಂತು, ಮೂಗಿಗೆ ಬಣ್ಣ ಮೆತ್ತಿಕೊಂಡು, ಕುಂಚ ಆಡಿಸುತ್ತಿದ್ದ. ಚೌಕಟ್ಟಿನ ಕವಿತೆ ಗೋಡೆಗೆ ಒರಗಿತ್ತು. "ನಿಮ್ಮ ಅಕ್ಷರಾನ ನೀವೇ ಇಟ್ಕೊಳ್ಳಿ, ನಂಗೆ ನಾಚಿಕೆಯಾಗುತ್ತೆ" ಎಂದು ನರಸಿಂಹಯ್ಯ ಹಿಂದಿರುಗಿಸಿದ್ದರು.

ಬೋರ್ಡ್ ಮುಗಿಯಿತು: 'ಅಜ್ಜಿ ತೀರಿಕೊಂಡಲ್ಲಿ ದಾಖಲೆ ಕಡ್ಡಾಯ.'

ಮಲಕಪ್ಪ ಸೊಂಟದ ಮೇಲೆ ಕೈಯಿಟ್ಟು ದೂರ ನಿಂತು ನೋಡಿದ. ತಲೆಯಾಡಿಸಿದ.

"ಛಲೋ ಬರದೀರಿ. ಆದ್ರ ಖರೇ ಹೇಳ್ಲಿ? ನರಸಿಂಹಯ್ಯನೋರ ಅಕ್ಷರ ಕಾಪಿ ಹೊಡದೀರಿ. ಅವರಂಗ ಬರಂಗಿಲ್ಲ ಬಿಡ್ರಿ."